ಹಿಲ್ಡನ್ ಬಿಟ್ಟು ಕ್ಯೂಟಿ ಹಿಡಿದ ಕಥೆ: ನೋಕಿಯಾ ಮೇಮೊ ಇಂಟರ್‌ಫೇಸ್‌ನ ಪ್ರಕರಣ ಅಧ್ಯಯನ

2009ರ ಜುಲೈ. ಸ್ಪೇನ್‌ಗೆ ಸೇರಿದ ಗ್ರಾನ್ ಕನಾರಿಯಾ ದ್ವೀಪದಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಗ್ನೋಮ್ ಮತ್ತು ಕೆಡಿಇ ಬಳಗಗಳು ಮೊದಲ ಸಲ ಒಂದೇ ಕಡೆ ಸಮ್ಮೇಳನ ನಡೆಸಿದವು. ಅಲ್ಲಿ ನೋಕಿಯಾದ ಕ್ವಿಮ್ ಗಿಲ್ ಒಂದು ಸುದ್ದಿ ಹೇಳಿದರು. ಮೇಮೊ ಅಂದರೆ ನೋಕಿಯಾದ ಲಿನಕ್ಸ್ ಆಧಾರದ ಮೊಬೈಲ್ ವ್ಯವಸ್ಥೆ. ಮೇಮೊ 5 ಆದಮೇಲೆ ಬರುವ ಹರ್ಮಟ್ಟನ್ ಆವೃತ್ತಿಯಲ್ಲಿ ಮುಖ್ಯ ಟೂಲ್‌ಕಿಟ್ (ಬಟನ್, ಮೆನು, ವಿಂಡೋ ಕಟ್ಟಲು ಬಳಸುವ ಸಿದ್ಧ ಕೋಡ್) ಕ್ಯೂಟಿ. ಅಲ್ಲಿಯವರೆಗಿನ ಟೂಲ್‌ಕಿಟ್ ಜಿಟಿಕೆ ಮತ್ತು ಅದರ ಮೇಲೆ ಕಟ್ಟಿದ ಇಂಟರ್‌ಫೇಸ್ ಹಿಲ್ಡನ್ ಉಳಿಯುತ್ತವೆ, ಆದರೆ ಅವನ್ನು ನೋಡಿಕೊಳ್ಳುವುದು ಸಮುದಾಯದ ಪಾಲು. ಮೇಮೊ 5 ಹಾಕಿಕೊಂಡು ಬರಬೇಕಿದ್ದ ಎನ್900 ಫೋನನ್ನು ನೋಕಿಯಾ ಆಗಿನ್ನೂ ಪ್ರಕಟಿಸಿಯೇ ಇರಲಿಲ್ಲ. ಪ್ರಕಟಿಸಿದ್ದು ಆಗಸ್ಟ್ ಕೊನೆಗೆ, ಅಂಗಡಿಗೆ ಬಂದದ್ದು ನವೆಂಬರ್‌ನಲ್ಲಿ. ಫೋನ್ ಹೊರಬರುವ ಮೊದಲೇ ಅದರ ಇಂಟರ್‌ಫೇಸ್ ಹಳತಾಗಿತ್ತು.

ನೋಕಿಯಾದ ಲಿನಕ್ಸ್ ಕಥೆ ಹೇಳುವವರು ಸಾಮಾನ್ಯವಾಗಿ 2011ರ ಫೆಬ್ರುವರಿಯಿಂದ ಶುರು ಮಾಡುತ್ತಾರೆ. ಸ್ಟೀಫನ್ ಎಲೋಪ್ ಸಿಇಒ ಆಗಿ ಬಂದರು, ವಿಂಡೋಸ್ ಫೋನ್ ತಂದರು, ಎಲ್ಲ ಮುಗಿಯಿತು. ಅದು ನಿಜವೇ. ಆದರೆ ಇಂಟರ್‌ಫೇಸ್ ಮಾನದಂಡದ ಕಡೆಯಿಂದ ನೋಡಿದರೆ ತೊಡಕು ಅದಕ್ಕಿಂತ ಹಳೆಯದು. ಜಿಟಿಕೆ ಒಳ್ಳೆಯ ಟೂಲ್‌ಕಿಟ್. ಕ್ಯೂಟಿಯೂ ಒಳ್ಳೆಯದೇ. ಮಾನದಂಡ ಅನ್ನುವ ಗೆರೆಯನ್ನು ಯಾವ ಪದರದಲ್ಲಿ ಎಳೆಯಬೇಕು ಅನ್ನುವುದರಲ್ಲಿ ನೋಕಿಯಾ ಎಡವಿತು ಅಂತ ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿ ಎನ್900ನಲ್ಲೇ ಇದೆ.

ಯಂತ್ರ ಮತ್ತು ತೆರೆ

ನೋಕಿಯಾ 770 ಇಂಟರ್ನೆಟ್ ಟ್ಯಾಬ್ಲೆಟ್ 2005ರ ಮೇ ತಿಂಗಳಲ್ಲಿ ಪ್ರಕಟವಾಗಿ ಅದೇ ವರ್ಷದ ಕೊನೆಗೆ ಮಾರಾಟಕ್ಕೆ ಬಂತು. ಅದರಿಂದ ಕರೆ ಮಾಡಲು ಆಗುತ್ತಿರಲಿಲ್ಲ. ವೈ-ಫೈ ಇತ್ತು, ಬ್ಲೂಟೂತ್ ಇತ್ತು, ತೆರೆ ಒತ್ತಲು ಒಂದು ಸ್ಟೈಲಸ್ ಇತ್ತು. ರ್‍ಯಾಮ್ 64 ಎಂಬಿ. ತೆರೆ 4.1 ಇಂಚು, ಅದರಲ್ಲಿ 800 ಅಡ್ಡ, 480 ಉದ್ದ ಪಿಕ್ಸೆಲ್. ಲೆಕ್ಕ ಹಾಕಿದರೆ ಇಂಚಿಗೆ ಸುಮಾರು 225 ಪಿಕ್ಸೆಲ್. ಆಗಿನ ಡೆಸ್ಕ್‌ಟಾಪ್ ಮಾನಿಟರ್‌ಗಳಲ್ಲಿ ಇಂಚಿಗೆ ನೂರರ ಆಸುಪಾಸು ಇರುತ್ತಿತ್ತು. ಹಾಗಾಗಿ ಡೆಸ್ಕ್‌ಟಾಪ್‌ನ ಬಟನ್ ಹಾಗೇ ತಂದಿಟ್ಟರೆ ಅದು ಅರ್ಧಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಒಳಗಿದ್ದದ್ದು ಡೆಬಿಯನ್ ಆಧಾರದ ಲಿನಕ್ಸ್. ಅದರ ಮೇಲೆ ತೆರೆಗೆ ಚಿತ್ರ ಬರೆಯುವ ಎಕ್ಸ್ ಸರ್ವರ್, ವಿಂಡೋಗಳನ್ನು ಜೋಡಿಸಲು ಲಂಡನ್ನಿನ ಓಪನ್ಡ್‌ಹ್ಯಾಂಡ್ ಕಂಪನಿಯ ಮ್ಯಾಚ್‌ಬಾಕ್ಸ್ ವಿಂಡೋ ಮ್ಯಾನೇಜರ್, ಜಿಟಿಕೆ, ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್, ಧ್ವನಿ ಮತ್ತು ವಿಡಿಯೋಗೆ ಜಿಸ್ಟ್ರೀಮರ್. ಇದು ಆಗ ಹೊಸ ದಾರಿ. ಅದಕ್ಕೆ ಮುಂಚೆ ಶಾರ್ಪ್‌ನ ಜಾರಸ್, ಮೊಟೊರೊಲಾದ ಎ760 ಥರದ ಯಂತ್ರಗಳು ಕ್ಯೂಟಿ ತಯಾರಿಸುತ್ತಿದ್ದ ಟ್ರೋಲ್‌ಟೆಕ್ ಕಂಪನಿಯ ಎಂಬೆಡೆಡ್ ಕ್ಯೂಟಿ, ಅಂದರೆ ಚಿಕ್ಕ ಯಂತ್ರಗಳಿಗಾಗಿ ಮಾಡಿದ ಕ್ಯೂಟಿ, ಬಳಸುತ್ತಿದ್ದವು. ಅದು ಎಕ್ಸ್ ಸರ್ವರ್ ಇಲ್ಲದೆ ನೇರವಾಗಿ ಫ್ರೇಮ್‌ಬಫರ್‌ಗೆ, ಅಂದರೆ ತೆರೆಯ ಮೆಮೊರಿಗೆ, ಚಿತ್ರ ಬರೆಯುತ್ತದೆ. ಮೆಮೊರಿ ಉಳಿಯುತ್ತದೆ, ಆದರೆ ಡೆಸ್ಕ್‌ಟಾಪ್‌ನ ಉಳಿದ ಅಪ್ಲಿಕೇಶನ್‌ಗಳಿಗೆ ಬಾಗಿಲು ಮುಚ್ಚುತ್ತದೆ. ನೋಕಿಯಾ ಡೆಸ್ಕ್‌ಟಾಪ್ ಲಿನಕ್ಸ್‌ನ ಇಡೀ ಗೋಪುರವನ್ನೇ ಚಿಕ್ಕ ಯಂತ್ರಕ್ಕೆ ಇಳಿಸಿತು. ಧೈರ್ಯದ ಕೆಲಸ.

ಆ ಗೋಪುರದ ಮೇಲೆ ಕೂತದ್ದು ಹಿಲ್ಡನ್. ಒಂದು ಹೊತ್ತಿಗೆ ಒಂದೇ ಅಪ್ಲಿಕೇಶನ್, ಎಡಗಡೆ ಓಡುತ್ತಿರುವ ಅಪ್ಲಿಕೇಶನ್‌ಗಳ ಪಟ್ಟಿ. ಮೆನು ಸಾಲು ಇಲ್ಲ, ಶೀರ್ಷಿಕೆ ಮುಟ್ಟಿದರೆ ಮೆನು ಇಳಿಯುತ್ತದೆ. ಟೂಲ್‌ಬಾರ್ ಕೆಳಗೆ. ಮೇಲಿಟ್ಟರೆ ಒತ್ತಲು ಹೋದ ಕೈಯೇ ತೆರೆಯನ್ನು ಮುಚ್ಚುತ್ತದೆ, ಅಲ್ವಾ? ಜೂಮ್ ಮಾಡಲು, ತೆರೆ ತುಂಬಿಸಲು ಯಂತ್ರದ ಮೈಮೇಲೇ ಬಟನ್‌ಗಳು. ಚೆನ್ನಾಗಿ ಯೋಚಿಸಿದ ನಿಯಮಗಳು ಇವು.

ಮಾನದಂಡ ಆಗುವ ಹಂತಕ್ಕೆ

ಈಗ ಮರೆತುಹೋಗಿರುವ ಒಂದು ಸಂಗತಿ: 2007-08ರಲ್ಲಿ ಹಿಲ್ಡನ್ ನೋಕಿಯಾದ ಹೊರಗೂ ಓಡುತ್ತಿತ್ತು. ಇಂಟೆಲ್ ತನ್ನ ಮೊಬೈಲ್ ಲಿನಕ್ಸ್ ಯೋಜನೆ ಮೋಬ್ಲಿನ್ ಶುರು ಮಾಡಿದಾಗ ಮೊದಲ ಆವೃತ್ತಿಗೆ ಹಿಲ್ಡನ್ ಅನ್ನೇ ತೆಗೆದುಕೊಂಡಿತು. ಉಬುಂಟುವಿನ ಮೊಬೈಲ್ ಆವೃತ್ತಿಯೂ ಹಿಲ್ಡನ್ ಮೇಲೆಯೇ ನಿಂತಿತ್ತು. 2007ರ ಏಪ್ರಿಲ್‌ನಲ್ಲಿ ಗ್ನೋಮ್ ಬಳಗ ಮೊಬೈಲ್ ಮತ್ತು ಎಂಬೆಡೆಡ್ ಯಂತ್ರಗಳಿಗೆಂದೇ ಒಂದು ಉಪಕ್ರಮ ಘೋಷಿಸಿತು. ಅದೇ ವರ್ಷದ ಜನವರಿಯಲ್ಲಿ ಮೊಟೊರೊಲಾ, ಎನ್‌ಇಸಿ, ಡೊಕೊಮೊ, ಪ್ಯಾನಸೋನಿಕ್, ಸ್ಯಾಮ್‌ಸಂಗ್, ವೊಡಾಫೋನ್ ಸೇರಿ ಲಿಮೊ ಪ್ರತಿಷ್ಠಾನ ಕಟ್ಟಿದ್ದವು. ಅದೂ ಜಿಟಿಕೆಯ ಕಡೆಗೇ ವಾಲಿತು. ತೈವಾನ್‌ನಿಂದ ಬಂದ ಓಪನ್‌ಮೋಕೋ ಫೋನಿನ ಮೊದಲ ಇಂಟರ್‌ಫೇಸ್ ಕೂಡ ಜಿಟಿಕೆಯದೇ.

ಎಲ್ಲರೂ ಜಿಟಿಕೆ ಕಡೆ ಬಂದದ್ದಕ್ಕೆ ದೊಡ್ಡ ಕಾರಣ ಲೈಸೆನ್ಸ್. ಜಿಟಿಕೆ ಎಲ್‌ಜಿಪಿಎಲ್ ಅಡಿ ಸಿಗುತ್ತಿತ್ತು. ತನ್ನ ಅಪ್ಲಿಕೇಶನ್‌ನ ಮೂಲ ಕೋಡ್ ಕೊಡಲು ಒಪ್ಪದ ಕಂಪನಿಯೂ ದುಡ್ಡು ಕೊಡದೆ ಬಳಸಬಹುದಿತ್ತು. ಕ್ಯೂಟಿಗೆ ಆಗ ಎರಡೇ ದಾರಿ: ಜಿಪಿಎಲ್ ಒಪ್ಪಿ ನಿಮ್ಮ ಕೋಡನ್ನೂ ತೆರೆದಿಡಿ, ಇಲ್ಲ ಟ್ರೋಲ್‌ಟೆಕ್‌ಗೆ ಹಣ ಕಟ್ಟಿ.

ಅಂದರೆ ಹಲವು ಕಂಪನಿಗಳು, ಒಂದೇ ಟೂಲ್‌ಕಿಟ್, ಮುಕ್ತ ಲೈಸೆನ್ಸ್. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಸ್ಥಿತಿ ಬೇಡ. ಆದರೂ ಗಟ್ಟಿಯಾಗಲಿಲ್ಲ. ಯಾಕೆ?

ಒಂದು, ಮೇಮೊದ ಜಿಟಿಕೆ ಪೂರ್ತಿಯಾಗಿ ಎಲ್ಲರ ಜಿಟಿಕೆ ಆಗಿರಲಿಲ್ಲ. ಅದರಲ್ಲಿ ನೋಕಿಯಾ ತನ್ನದೇ ಬದಲಾವಣೆಗಳನ್ನು ಸೇರಿಸಿತ್ತು. ಉದಾಹರಣೆಗೆ, ಸ್ಟೈಲಸ್ ಒತ್ತಿ ಹಿಡಿದರೆ ಮೆನು ಬರುವ ಸೌಲಭ್ಯ. ಡೆಸ್ಕ್‌ಟಾಪ್‌ನಲ್ಲಿ ಬಲ ಕ್ಲಿಕ್ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಅದರ ಫಂಕ್ಷನ್ ಮೇಮೊದ ಜಿಟಿಕೆಯಲ್ಲಿತ್ತು, ಮೂಲ ಜಿಟಿಕೆಯಲ್ಲಿ ಇರಲಿಲ್ಲ. ಅದನ್ನು ಬಳಸಿ ಬರೆದ ಪ್ರೋಗ್ರಾಂ ಡೆಸ್ಕ್‌ಟಾಪ್‌ನಲ್ಲಿ ಕಂಪೈಲ್ ಆಗುವುದಿಲ್ಲ. ಹೆಸರು ಒಂದೇ, ಒಳಗಿನ ಒಪ್ಪಂದ ಬೇರೆ.

ಎರಡು, ಹಿಲ್ಡನ್ ತಾನೇ ಒಂದು ಕಡೆ ನಿಲ್ಲಲಿಲ್ಲ. ಮೊದಲಿಗೆ ಅಪ್ಲಿಕೇಶನ್ ಬರೆಯಲು ಹಿಲ್ಡನ್‌ಆ್ಯಪ್ ಮತ್ತು ಹಿಲ್ಡನ್‌ಆ್ಯಪ್‌ವ್ಯೂ. ಆಮೇಲೆ ಅವುಗಳ ಜಾಗಕ್ಕೆ ಹಿಲ್ಡನ್‌ಪ್ರೋಗ್ರಾಂ ಮತ್ತು ಹಿಲ್ಡನ್‌ವಿಂಡೋ. ಮೇಮೊ 5ರಲ್ಲಿ ಸ್ಟೈಲಸ್ ಹೋಗಿ ಬೆರಳು ಬಂತು. ಆಗ ಒಂದರ ಮೇಲೊಂದು ಪೇರಿಸುವ ವಿಂಡೋ, ಬೆರಳಿನಿಂದ ಜಾರಿಸುವ ಪಟ್ಟಿ, ಹೊಸ ಮೆನು, ಹೊಸ ಆಯ್ಕೆಗಾರ ಎಲ್ಲ ಬಂದವು. ಈ ಜಾರಿಸುವ ಪಟ್ಟಿಯ ಹುಟ್ಟು ನೋಡಿ: ಓಪನ್‌ಮೋಕೋಗಾಗಿ ಓಪನ್ಡ್‌ಹ್ಯಾಂಡ್‌ನವರು ಬರೆದ ಕೋಡ್ ಅದರ ಬುನಾದಿ. ಮುಕ್ತ ತಂತ್ರಾಂಶದಲ್ಲಿ ಕೋಡ್ ಊರಿಂದೂರಿಗೆ ಸಲೀಸಾಗಿ ಹೋಗುತ್ತದೆ. ಎಪಿಐ, ಅಂದರೆ ಅಪ್ಲಿಕೇಶನ್‌ಗಳು ಆ ಕೋಡನ್ನು ಕರೆಯುವ ಹೆಸರು ಮತ್ತು ನಿಯಮಗಳು, ಹೋಗುವುದಿಲ್ಲ.

ಮೂರು, ಯಂತ್ರಗಳನ್ನೇ ಬಿಟ್ಟುಬಿಟ್ಟರು. 2007ರಲ್ಲಿ ಎನ್800 ಬಂದಾಗ ಅದರ ಹೊಸ ಆವೃತ್ತಿ 770ಗೆ ಅಧಿಕೃತವಾಗಿ ಸಿಗಲಿಲ್ಲ. ಕೊನೆಗೆ "ಹ್ಯಾಕರ್ ಎಡಿಶನ್" ಅಂತ ಭರವಸೆಯಿಲ್ಲದ ಒಂದು ಆವೃತ್ತಿ ಕೊಟ್ಟರು. ಎನ್810 ಇದ್ದವರಿಗೆ ಮೇಮೊ 5 ಬರಲಿಲ್ಲ. ಎನ್900 ಇದ್ದವರಿಗೆ ಹರ್ಮಟ್ಟನ್ ಬರಲಿಲ್ಲ. ಬಾಡಿಗೆ ಮನೆಗೆ ಸ್ವಂತ ದುಡ್ಡಲ್ಲಿ ಕಪಾಟು ಮಾಡಿಸಿದವನಿಗೆ ಓನರ್ ಬಂದು ಮುಂದಿನ ತಿಂಗಳು ಖಾಲಿ ಮಾಡಿ ಅಂದಂತೆ, ಪ್ರತಿ ಸಲ ಪೆಟ್ಟು ತಿಂದವರು ಸುಮ್ನೆ ಖುಷಿಗೆ ಅಪ್ಲಿಕೇಶನ್ ಬರೆದ ಹೊರಗಿನವರು.

ಪಿಕ್ಸೆಲ್‌ನ ತಕರಾರು

ಇಲ್ಲಿ ಒಂದು ತಾಂತ್ರಿಕ ವಿವರಕ್ಕೆ ನಿಲ್ಲಬೇಕು. ಹಿಲ್ಡನ್ ಮೇಮೊ 5ರಲ್ಲಿ ಬಟನ್‌ಗಳಿಗೆ ಅಳತೆ ನಿಗದಿ ಮಾಡಿತು. ಬೆರಳಿನ ಎತ್ತರ 70 ಪಿಕ್ಸೆಲ್, ಹೆಬ್ಬೆರಳಿನ ಎತ್ತರ 105 ಪಿಕ್ಸೆಲ್. ಎನ್900ನ ತೆರೆ 3.5 ಇಂಚು, ಪಿಕ್ಸೆಲ್ ಅಷ್ಟೇ: 800 ಮತ್ತು 480. ಹಾಗಾಗಿ 70 ಪಿಕ್ಸೆಲ್ ಅಂದರೆ ಹೆಚ್ಚುಕಡಿಮೆ 6.7 ಮಿಲಿಮೀಟರ್, 105 ಅಂದರೆ 10 ಮಿಲಿಮೀಟರ್. ಅದೇ 70 ಪಿಕ್ಸೆಲ್ 770ರ ತೆರೆಯಲ್ಲಿ 7.9 ಮಿಲಿಮೀಟರ್ ಆಗುತ್ತಿತ್ತು.

ನೋಕಿಯಾದ ಎಲ್ಲ ಟ್ಯಾಬ್ಲೆಟ್‌ಗಳಲ್ಲೂ ಪಿಕ್ಸೆಲ್ ಲೆಕ್ಕ ಒಂದೇ ಆಗಿದ್ದರಿಂದ ಯಾರಿಗೂ ಇದು ತೊಂದರೆ ಅನ್ನಿಸಲಿಲ್ಲ. ಆದರೆ ಎಂಬೆಡೆಡ್ ಯಂತ್ರಗಳ ಮಾನದಂಡಕ್ಕೆ ಇದು ಸಾಲದು. ಮುಂದಿನ ತಯಾರಕ 7 ಇಂಚಿನ ತೆರೆ ಹಾಕಿದರೆ? ಮನುಷ್ಯನ ಬೆರಳು ಮಿಲಿಮೀಟರ್‌ನಲ್ಲಿದೆ, ಪಿಕ್ಸೆಲ್‌ನಲ್ಲಿಲ್ಲ. ಆಂಡ್ರಾಯ್ಡ್ ಇದಕ್ಕೆ ಡಿಪಿ ಅನ್ನುವ ಅಳತೆ ತಂದಿತು. ಒಂದು ಡಿಪಿ ಅಂದರೆ ಇಂಚಿನ ನೂರರವತ್ತನೇ ಒಂದು ಭಾಗ ಅಂತ ಇಟ್ಟುಕೊಳ್ಳಿ, ತೆರೆ ಯಾವುದಾದರೂ ಸರಿ. ಜೊತೆಗೆ ಹೊಂದಾಣಿಕೆಯ ಪರೀಕ್ಷೆಗಳನ್ನೂ ಇಟ್ಟಿತು. ಪಾಸಾಗದ ಫೋನಿಗೆ ಗೂಗಲ್‌ನ ಅಪ್ಲಿಕೇಶನ್ ಅಂಗಡಿ ಸಿಗುವುದಿಲ್ಲ. ಅದು ಸರ್ವಾಧಿಕಾರ ಅಂತ ಬೈಯಬಹುದು. ಆದರೆ ಮಾನದಂಡ ಮುರಿದವರಿಗೆ ಒಂದು ಬೆಲೆ ಇತ್ತು. ಮೇಮೊದಲ್ಲಿ ಮುರಿದವರೂ ನೋಕಿಯಾದವರೇ, ಕೇಳಬೇಕಾದವರೂ ಅವರೇ.

ಟ್ರೋಲ್‌ಟೆಕ್ ಖರೀದಿ

2008ರ ಜನವರಿ 28ರಂದು ನೋಕಿಯಾ ಓಸ್ಲೋದ ಟ್ರೋಲ್‌ಟೆಕ್ ಅನ್ನು ಕೊಳ್ಳುವುದಾಗಿ ಹೇಳಿತು. ಬೆಲೆ ಸುಮಾರು 15 ಕೋಟಿ ಡಾಲರ್. ವ್ಯಾಪಾರದ ಲೆಕ್ಕ ಅರ್ಥ ಆಗುವಂಥದ್ದೇ. ನೋಕಿಯಾದ ಬಹುಪಾಲು ಸ್ಮಾರ್ಟ್‌ಫೋನ್‌ಗಳು ಸಿಂಬಿಯನ್ ಅನ್ನುವ ಬೇರೆಯೇ ಆಪರೇಟಿಂಗ್ ಸಿಸ್ಟಂನವು. ಸಿಂಬಿಯನ್‌ಗೆ ಬರೆಯುವುದು ಪ್ರೋಗ್ರಾಮರ್‌ಗಳಿಗೆ ಹಿಂಸೆ. ಕ್ಯೂಟಿ ಎರಡರ ಮೇಲೂ ಓಡಿದರೆ ಒಮ್ಮೆ ಬರೆದ ಅಪ್ಲಿಕೇಶನ್ ಸಿಂಬಿಯನ್‌ಗೂ ಮೇಮೊಗೂ ಆಗುತ್ತದೆ. 2009ರ ಮಾರ್ಚ್‌ನಲ್ಲಿ ಕ್ಯೂಟಿ 4.5 ಎಲ್‌ಜಿಪಿಎಲ್ ಅಡಿ ಬಂತು. ಜಿಟಿಕೆಗಿದ್ದ ಲೈಸೆನ್ಸ್‌ನ ಮೇಲುಗೈ ಅಲ್ಲಿಗೆ ಮುಗಿಯಿತು.

ಆದರೆ ಖರೀದಿಯ ಸುದ್ದಿ ಬಂದ ದಿನವೇ ಹಿಲ್ಡನ್ ಮೇಲೆ ಪಣ ಕಟ್ಟಿದ್ದ ಹೊರಗಿನವರಿಗೆ ಸಂದೇಶ ಹೋಯಿತು. 2008ರ ಆಗಸ್ಟ್‌ನಲ್ಲಿ ಇಂಟೆಲ್ ಓಪನ್ಡ್‌ಹ್ಯಾಂಡ್ ಅನ್ನೇ ಕೊಂಡಿತು. ಮೋಬ್ಲಿನ್‌ನ ಎರಡನೇ ಆವೃತ್ತಿ ಹಿಲ್ಡನ್ ಬಿಟ್ಟು ತೆರೆಯ ಮೇಲೆ ಚಲನೆ ಮೂಡಿಸುವ ಓಪನ್ಡ್‌ಹ್ಯಾಂಡ್‌ನ ಕ್ಲಟರ್ ಹಿಡಿಯಿತು. ತಮಾಷೆ ಅಂದರೆ, ಎನ್900ನ ಡೆಸ್ಕ್‌ಟಾಪ್‌ನಲ್ಲಿ ವಿಂಡೋಗಳು ಜಾರಿ, ಮಸುಕಾಗಿ, ಹಿಂದೆ ಸರಿಯುವ ಅಂದದ ಕೆಲಸ ಮಾಡುತ್ತಿದ್ದದ್ದೂ ಇದೇ ಕ್ಲಟರ್. ಓಪನ್‌ಮೋಕೋ ಕೂಡ ಅಷ್ಟರಲ್ಲಿ ಜಿಟಿಕೆ ಬಿಟ್ಟು ಕ್ಯೂಟೋಪಿಯಾ, ಎನ್‌ಲೈಟನ್‌ಮೆಂಟ್ ಅಂತ ಬೇರೆ ಬೇರೆ ಇಂಟರ್‌ಫೇಸ್‌ಗಳ ನಡುವೆ ಅಲೆಯುತ್ತಿತ್ತು. ಒಂದೇ ವರ್ಷದಲ್ಲಿ ಆ ಕೂಟ ಚದುರಿತು.

ಎನ್900 ಹೇಳುವ ಸಾಕ್ಷಿ

2010ರ ಮೇನಲ್ಲಿ ಎನ್900ಗೆ ಪಿಆರ್ 1.2 ಅನ್ನುವ ಅಪ್‌ಡೇಟ್ ಬಂತು. ಅದರ ಜೊತೆ ಕ್ಯೂಟಿ 4.6 ಅಧಿಕೃತವಾಗಿ ಫೋನಿನೊಳಗೆ ಬಂತು. ಜಿಟಿಕೆಗಾಗಿ ಕಟ್ಟಿದ ಫೋನು, ಈಗ ಕ್ಯೂಟಿ ಅಪ್ಲಿಕೇಶನ್ ಓಡಿಸಬೇಕು. ಎರಡೂ ಒಂದೇ ಥರ ಕಾಣಬೇಕು, ಒಂದೇ ಥರ ವರ್ತಿಸಬೇಕು. ಆಗುತ್ತದಾ?

ಚೆನ್ನಾಗಿಯೇ ಆಯಿತು. ಯಾಕೆಂದರೆ ಹಿಲ್ಡನ್‌ನ ಬಹಳಷ್ಟು ವರ್ತನೆ ಜಿಟಿಕೆಯ ಒಳಗೆ ಇರಲೇ ಇಲ್ಲ. ವಿಂಡೋ ಮ್ಯಾನೇಜರ್‌ನಲ್ಲಿತ್ತು. ಒಂದು ವಿಂಡೋ ಇನ್ನೊಂದರ ಮೇಲೆ ಪೇರಿಸಿಕೊಳ್ಳಬೇಕಾದರೆ ಅಪ್ಲಿಕೇಶನ್ ಎಕ್ಸ್ ವಿಂಡೋದ ಮೇಲೆ ಒಂದು ಗುರುತು ಅಂಟಿಸಿದರೆ ಸಾಕು. ಜೂಮ್ ಬಟನ್ ನನಗೆ ಬೇಕು ಅನ್ನಲು ಇನ್ನೊಂದು ಗುರುತು. ನನ್ನ ವಿಂಡೋವನ್ನು ಕಾಂಪೊಸಿಟರ್ (ಎಲ್ಲ ವಿಂಡೋಗಳನ್ನು ಸೇರಿಸಿ ತೆರೆಗೆ ಬರೆಯುವ ಭಾಗ) ಮುಟ್ಟಬಾರದು, ನೇರ ತೆರೆಗೆ ಬರೆಯುತ್ತೇನೆ ಅನ್ನಲು ಮತ್ತೊಂದು. ಆಟಗಳಿಗೆ ಇದು ಬೇಕಾಗುತ್ತಿತ್ತು. ಗುರುತು ಅಂಟಿಸಿದವರು ಜಿಟಿಕೆಯವರೋ ಕ್ಯೂಟಿಯವರೋ ಅಂತ ವಿಂಡೋ ಮ್ಯಾನೇಜರ್ ಕೇಳುವುದಿಲ್ಲ. ಕ್ಯೂಟಿ ತನ್ನ ವಿಂಡೋಗೆ ಪೇರಿಸು, ಉದ್ದಕ್ಕೆ ತಿರುಗು ಅನ್ನುವ ಆಯ್ಕೆಗಳನ್ನು ಸೇರಿಸಿಕೊಂಡಿತು, ಒಳಗಿಂದ ಅದೇ ಗುರುತುಗಳನ್ನು ಅಂಟಿಸಿತು. ಬಣ್ಣ ಮತ್ತು ಚಿತ್ರಕ್ಕೆ ಜಿಟಿಕೆಯ ಥೀಮ್ ಅನ್ನೇ ಕೇಳಿತು.

ಅದಕ್ಕೊಂದು ಬೆಲೆಯೂ ಇತ್ತು. ಥೀಮ್ ಕೇಳಬೇಕೆಂದರೆ ಜಿಟಿಕೆಯನ್ನೂ ಮೆಮೊರಿಗೆ ತರಬೇಕು. 256 ಎಂಬಿ ರ್‍ಯಾಮ್‌ನ ಯಂತ್ರದಲ್ಲಿ ಅದು ಸಣ್ಣ ಮಾತಲ್ಲ. ಥೀಮ್ ಕೂಡ ಗುರುತುಗಳ ಹಾಗೆ ಟೂಲ್‌ಕಿಟ್‌ನ ಹೊರಗೆ, ಸರಳ ಕಡತವಾಗಿ ಇದ್ದಿದ್ದರೆ ಆ ಭಾರ ಬೀಳುತ್ತಿರಲಿಲ್ಲ.

ಈ ಪ್ರಕರಣದ ತಿರುಳು ನನಗೆ ಕಾಣುವುದು ಇಲ್ಲೇ. ಟೂಲ್‌ಕಿಟ್‌ಗಿಂತ ಒಂದು ಮೆಟ್ಟಿಲು ಕೆಳಗೆ ನಿಜವಾದ ಮಾನದಂಡ ಆಗಲೇ ಇತ್ತು. ವಿಂಡೋ ಗುರುತುಗಳು, ಡಿ-ಬಸ್ ಹೆಸರುಗಳು, ಅಳತೆಗಳು, ಥೀಮ್ ಕಡತಗಳು. ನೋಕಿಯಾ ಅದನ್ನು ಒಳಗಿನ ವಿವರ ಅಂದುಕೊಂಡಿತು. ಹೊರಗಿನವರಿಗೆ ತೋರಿಸಿದ್ದು ಮೇಲಿನ ಎಪಿಐ ಒಂದನ್ನೇ. ಅದನ್ನೇ ಮಾನದಂಡ ಅಂದಿತು, ಅದನ್ನೇ ಎಸೆಯಿತು. ಕೆಳಗಿನ ಗೆರೆಯನ್ನು 2007ರಲ್ಲೇ ಬರೆದು, ಇಂಟೆಲ್ ಮತ್ತು ಉಬುಂಟುವಿನವರ ಸಹಿ ಹಾಕಿಸಿದ್ದಿದ್ದರೆ, ಟ್ರೋಲ್‌ಟೆಕ್ ಬಂದಾಗಲೂ ಜಿಟಿಕೆ ಅಪ್ಲಿಕೇಶನ್‌ಗಳು ಪಕ್ಕದಲ್ಲಿ ಬದುಕಬಹುದಿತ್ತು.

ಕ್ಯೂಟಿಯ ಒಳಗೇ ಮೂರು ದಾರಿ

ಒಂದೇ ಟೂಲ್‌ಕಿಟ್ ಹಿಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಮುಂದಿನದನ್ನು ನೋಡಬೇಕು. ಕ್ಯೂಟಿ ಮೇಲೆ ನೋಕಿಯಾದ ಒಂದು ತಂಡ ಹರ್ಮಟ್ಟನ್‌ಗಾಗಿ ಲಿಬ್‌ಡುಇ ಅನ್ನುವ ವಿಜೆಟ್ ಗ್ರಂಥಾಲಯ, ಅಂದರೆ ಬಟನ್, ಪಟ್ಟಿಯಂಥ ಭಾಗಗಳ ಸಿದ್ಧ ಕೋಡ್, ಕಟ್ಟಿತು. ಇನ್ನೊಂದು ತಂಡ ಸಿಂಬಿಯನ್‌ಗಾಗಿ ಆರ್ಬಿಟ್ ಅನ್ನುವುದನ್ನು ಕಟ್ಟಿತು. ಎರಡೂ ಕ್ಯೂಟಿಯೇ, ಆದರೆ ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಓಡದು. ಕಂಪನಿ ಕೊಂಡದ್ದೇ ಒಮ್ಮೆ ಬರೆದು ಎರಡು ಕಡೆ ಓಡಿಸಲು, ನೆನಪಿರಲಿ.

2010ರ ಫೆಬ್ರುವರಿಯಲ್ಲಿ ಬಾರ್ಸಿಲೋನಾದಲ್ಲಿ ಇಂಟೆಲ್ ಮತ್ತು ನೋಕಿಯಾ ಕೈಕುಲುಕಿದವು. ಮೋಬ್ಲಿನ್ ಮತ್ತು ಮೇಮೊ ಸೇರಿ ಮೀಗೋ ಆಯಿತು. ಲಿಬ್‌ಡುಇಯ ಹೆಸರು ಮೀಗೋ ಟಚ್ ಅಂತ ಬದಲಾಯಿತು. ಅದೇ ವರ್ಷ ಕ್ಯೂಟಿ 4.7 ಜೊತೆ ಕ್ಯೂಎಂಎಲ್ ಬಂತು. ಇಂಟರ್‌ಫೇಸನ್ನು ಸಿ++ ಬದಲು ಸರಳ ಭಾಷೆಯಲ್ಲಿ ಬರೆಯುವ ದಾರಿ ಅದು. ನಿಜಕ್ಕೂ ಒಳ್ಳೆಯ ದಾರಿ. ಕೂಡಲೇ ಮೀಗೋ ಟಚ್ ಹಳತಾಯಿತು, ಆರ್ಬಿಟ್ ಕೈಬಿಟ್ಟುಹೋಯಿತು.

2011ರ ಜೂನ್‌ನಲ್ಲಿ ಹರ್ಮಟ್ಟನ್ ಓಡುವ ಎನ್9 ಫೋನ್ ಪ್ರಕಟವಾಯಿತು. ಬಟನ್ ಇಲ್ಲದ ಮುಖ, ತೆರೆಯ ಅಂಚಿನಿಂದ ಬೆರಳು ಎಳೆದರೆ ಅಪ್ಲಿಕೇಶನ್ ಸರಿಯುತ್ತದೆ. ಚಂದದ ಫೋನು. ಆದರೆ ಒಳಗೆ ನೋಡಿ: ನೋಕಿಯಾದ ಸ್ವಂತ ಅಪ್ಲಿಕೇಶನ್‌ಗಳು ಹೆಚ್ಚಿನವು ಮೀಗೋ ಟಚ್‌ನಲ್ಲಿ, ಹೊರಗಿನವರಿಗೆ ಹೇಳಿದ್ದು ಕ್ಯೂಎಂಎಲ್‌ನಲ್ಲಿ ಬರೆಯಿರಿ ಅಂತ, ಬರೀ ಕ್ಯೂಟಿಯೂ ನಡೆಯುತ್ತದೆ. ಅಪ್ಲಿಕೇಶನ್ ಬೇಗ ತೆರೆಯಲೆಂದು ಗ್ರಂಥಾಲಯಗಳನ್ನು ಮೊದಲೇ ಮೆಮೊರಿಯಲ್ಲಿ ಸಿದ್ಧವಾಗಿಡುವ ಬೂಸ್ಟರ್ ಅನ್ನುವ ಪ್ರಕ್ರಿಯೆ ಇತ್ತು. ದಾರಿ ಮೂರಾದ್ದರಿಂದ ಬೂಸ್ಟರ್ ಕೂಡ ಒಂದೊಂದಕ್ಕೆ ಬೇರೆ. ಕ್ಯೂಎಂಎಲ್‌ನ ಸಿದ್ಧ ವಿಜೆಟ್‌ಗಳಲ್ಲೂ ಮೀಗೋಗೆ ಒಂದು ಕಟ್ಟು, ಸಿಂಬಿಯನ್‌ಗೆ ಇನ್ನೊಂದು. ಅಪ್ಲಿಕೇಶನ್‌ನ ಮೊದಲ ಸಾಲಿನಲ್ಲೇ ಇಂಪೋರ್ಟ್ ಬೇರೆಯಾಗುತ್ತಿತ್ತು.

ಎನ್9 ಬರುವ ಹೊತ್ತಿಗೆ ಕಂಪನಿ ವಿಂಡೋಸ್ ಫೋನ್‌ಗೆ ಹೊರಳಿಯಾಗಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಮೀಗೋ ಬಿಟ್ಟು ಸ್ಯಾಮ್‌ಸಂಗ್ ಜೊತೆ ಟೈಜೆನ್‌ಗೆ ಹೋಯಿತು. ಅಲ್ಲಿ ಜಿಟಿಕೆಯೂ ಇಲ್ಲ, ಕ್ಯೂಟಿಯೂ ಇಲ್ಲ. ವೆಬ್ ಅಪ್ಲಿಕೇಶನ್, ಮತ್ತೆ ಎನ್‌ಲೈಟನ್‌ಮೆಂಟ್‌ನ ಗ್ರಂಥಾಲಯಗಳು. ಅದರ ಫೋನ್ ಸ್ಯಾಮ್‌ಸಂಗ್ ಝಡ್1 2015ರ ಜನವರಿಯಲ್ಲಿ ಮೊದಲು ಮಾರಾಟವಾದದ್ದು ನಮ್ಮ ದೇಶದಲ್ಲೇ, 5,700 ರೂಪಾಯಿಗೆ. 2012ರಲ್ಲಿ ನೋಕಿಯಾ ಕ್ಯೂಟಿಯನ್ನು ಡಿಜಿಯಾ ಕಂಪನಿಗೆ ಮಾರಿತು.

ಉಳಿದದ್ದು ಯಾವುದು

ಕೆಳಗಿನ ಪದರಗಳು ಉಳಿದವು, ಬೆಳೆದವು. ಡಿ-ಬಸ್ ಈಗ ಬಹುತೇಕ ಎಲ್ಲ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲೂ ಇದೆ. ಕನ್ನಡದವರಿಗೆ ಹತ್ತಿರದ ಉದಾಹರಣೆ ಅಕ್ಷರ ಜೋಡಣೆಯದು. ಆ ಕಾಲದಲ್ಲಿ ಜಿಟಿಕೆಯ ಪ್ಯಾಂಗೋ ಮತ್ತು ಕ್ಯೂಟಿ ಎರಡಕ್ಕೂ ಒತ್ತಕ್ಷರ ಜೋಡಿಸುವ ತಮ್ಮ ತಮ್ಮ ಕೋಡ್ ಇತ್ತು. ಒಂದರಲ್ಲಿ ಸರಿ ಮಾಡಿದ ತಪ್ಪು ಇನ್ನೊಂದರಲ್ಲಿ ಹಾಗೇ ಉಳಿಯಬಹುದಿತ್ತು. ಮುಂದೆ ಎರಡೂ ಹಾರ್ಫ್‌ಬಜ್ ಅನ್ನುವ ಒಂದೇ ಎಂಜಿನ್‌ಗೆ ಬಂದವು, ಆಂಡ್ರಾಯ್ಡ್ ಕೂಡ ಅದನ್ನೇ ಬಳಸುತ್ತದೆ. ಟೂಲ್‌ಕಿಟ್‌ಗಳ ಜಗಳ ಮುಗಿಯಲಿಲ್ಲ, ಆದರೆ ನಮ್ಮ ಒತ್ತಕ್ಷರಗಳು ಆ ಜಗಳದಿಂದ ಹೊರಬಂದವು. ಬೆಂಗಳೂರಿನಲ್ಲಿ ಕಾರಿನ ತೆರೆಯೋ ಆಸ್ಪತ್ರೆಯ ಮಾನಿಟರೋ ಮಾಡುವವರು ಯಾವ ಟೂಲ್‌ಕಿಟ್ ಅಂತ ತಿಂಗಳುಗಟ್ಟಲೆ ವಾದ ಮಾಡುತ್ತಾರೆ. ಟೂಲ್‌ಕಿಟ್‌ನ ಕೆಳಗೆ ಏನೇನು ಬರೆದಿಟ್ಟಿದ್ದೀರಿ ಅಂತ ಕೇಳಿದರೆ ಉತ್ತರ ಸಿಗುವುದು ಕಡಿಮೆ.

ಮೇಲಿನ ಪದರದಲ್ಲಿ ಚದುರುವಿಕೆ ಜಾಸ್ತಿಯೇ ಆಗಿದೆ. ಎನ್9 ತಂಡದವರಲ್ಲಿ ಕೆಲವರು ಕಟ್ಟಿದ ಯೋಲ್ಲಾ ಕಂಪನಿಯ ಸೇಲ್‌ಫಿಶ್ ವ್ಯವಸ್ಥೆಯಲ್ಲಿ ಕ್ಯೂಎಂಎಲ್ ಮೇಲೆ ಸಿಲಿಕಾ ಅನ್ನುವ ವಿಜೆಟ್ ಕಟ್ಟು. ಕೆಡಿಇಯ ಪ್ಲಾಸ್ಮಾ ಮೊಬೈಲ್‌ನಲ್ಲಿ ಅದೇ ಕ್ಯೂಎಂಎಲ್ ಮೇಲೆ ಕಿರಿಗಾಮಿ. ಗ್ನೋಮ್‌ನಲ್ಲಿ ಜಿಟಿಕೆ ಮೇಲೆ ಲಿಬ್‌ಅದ್ವೈತ. ಹಿಲ್ಡನ್ ಕೂಡ ಸತ್ತಿಲ್ಲ. ಮೇಮೊ ಲೆಸ್ಟೆ ಅನ್ನುವ ಸಮುದಾಯದ ಯೋಜನೆ ಅದನ್ನು ಎನ್900 ಮೇಲೆ ಇನ್ನೂ ಓಡಿಸುತ್ತಿದೆ.

ಒಂದು ವ್ಯತ್ಯಾಸ ಮಾತ್ರ ಮುಖ್ಯ. ಕಿರಿಗಾಮಿಯಲ್ಲಿ ಬರೆದ ಅಪ್ಲಿಕೇಶನ್ ಗ್ನೋಮ್ ಬಳಗದ ಫಾಶ್ ಇಂಟರ್‌ಫೇಸ್ ಇರುವ ಫೋನಿನಲ್ಲಿ ಓಡುತ್ತದೆ, ಲಿಬ್‌ಅದ್ವೈತದ್ದು ಪ್ಲಾಸ್ಮಾ ಮೊಬೈಲ್‌ನಲ್ಲಿ ಓಡುತ್ತದೆ. ವಿಂಡೋ ತೆರೆಯುವುದು, ಅಳತೆ ಬದಲಿಸುವುದು ಎಕ್ಸ್ ಸರ್ವರ್‌ನ ಜಾಗಕ್ಕೆ ಬಂದ ವೇಲ್ಯಾಂಡ್‌ನ ಎಕ್ಸ್‌ಡಿಜಿ-ಶೆಲ್ ಅನ್ನುವ ಬರೆದಿಟ್ಟ ಒಪ್ಪಂದದಲ್ಲಿದೆ. ಎನ್900ನಲ್ಲಿ ಗುರುತುಗಳಾಗಿ ಅಡಗಿದ್ದದ್ದು ಈಗ ಎಲ್ಲರ ಎದುರಿಗಿದೆ.

ಪೂರ್ತಿ ಅಲ್ಲ. ಈ ಅಪ್ಲಿಕೇಶನ್ ಚಿಕ್ಕ ತೆರೆಗೆ ಹೊಂದುತ್ತದೆ ಅಂತ ಹೇಳಲು ಅಪ್ಲಿಕೇಶನ್‌ನ ವಿವರ ಬರೆಯುವ ಆ್ಯಪ್‌ಸ್ಟ್ರೀಮ್ ಕಡತದಲ್ಲಿ ಒಂದು ಮಾನ್ಯ ಜಾಗ ಇದೆ: ತೆರೆ ಕನಿಷ್ಠ ಎಷ್ಟು ಅಗಲ ಬೇಕು, ಬೆರಳಿನಿಂದ ನಡೆಯುತ್ತದಾ ಅಂತ ಅಲ್ಲಿ ಬರೆಯಬಹುದು. ಆದರೂ ಹಲವು ಅಪ್ಲಿಕೇಶನ್‌ಗಳು ಅದೇ ವಿಷಯವನ್ನು ಡೆಸ್ಕ್‌ಟಾಪ್ ಕಡತದಲ್ಲಿ (ಅಪ್ಲಿಕೇಶನ್‌ನ ಹೆಸರು, ಐಕಾನ್ ಇರುವ ಕಡತ) ಇನ್ನೊಂದು ಸಾಲಾಗಿ ಬರೆಯುತ್ತವೆ. ಆ ಸಾಲಿನ ಹೆಸರಿನಲ್ಲಿ ಇರುವುದು ಲಿಬ್ರೆಮ್ ಫೋನ್ ಮಾಡಿದ ಪ್ಯೂರಿಸಮ್ ಕಂಪನಿಯ ಹೆಸರು.